ನಾಲ್ಕುನಾಡು ಅರಮನೆಯ ಅಂಗಳದಲ್ಲಿ ಹತ್ತು ಜನರ ಮದುವೆ ಸಾಧ್ಯವೇ?

ಪ್ರಶ್ನೆ: ನನಗೆ 29 ವರ್ಷ, ಊರು ಮೈಸೂರು. ನಾನು ಮದುವೆಯಾಗಲಿರುವ ಹುಡುಗ ಕೊಡವ, ಅವರ ಐನ್‌ಮನೆ, ಅಂದರೆ ಕುಲದ ಮೂಲಮನೆ, ವಿರಾಜಪೇಟೆ ಕಡೆ ಇದೆ. ಇಬ್ಬರೂ ಆರು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಎರಡೂ ಮನೆಯವರಿಗೆ ವಿಷಯ ಗೊತ್ತು, ದೊಡ್ಡ ವಿರೋಧ ಈಗ ಉಳಿದಿಲ್ಲ. ಆದರೆ ಅವರ ಕಡೆಯವರು ಕೊಡವ ಸಮಾಜದ ಸಭಾಭವನದಲ್ಲಿ ಸಾವಿರ ಜನರನ್ನು ಕರೆದು ಮಾಡೋಣ ಎನ್ನುತ್ತಾರೆ. ನಮ್ಮಮ್ಮ ಮೈಸೂರಿನ ಛತ್ರದಲ್ಲಿ ಧಾರೆಯೇ ಆಗಬೇಕು ಎನ್ನುತ್ತಾರೆ. ಈ ಜಗ್ಗಾಟದಲ್ಲಿ ಒಂದೂವರೆ ವರ್ಷ ಕಳೆಯಿತು. ಸಾಕಾಗಿ, ಡಿಸೆಂಬರಿನಲ್ಲಿ ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಮುಂದಿನ ಪುಟ್ಟ ಮಂಟಪದಲ್ಲಿ, ಸೂರ್ಯೋದಯದ ಹೊತ್ತಿಗೆ, ಎಂಟು ಹತ್ತು ಸ್ನೇಹಿತರ ಎದುರು ತಾಳಿ ಕಟ್ಟಿಸಿಕೊಂಡು, ಅದೇ ದಿನ ವಿರಾಜಪೇಟೆಯಲ್ಲಿ ರಿಜಿಸ್ಟರ್ ಮಾಡಿಸಿ, ಆಮೇಲೆ ಮನೆಯವರಿಗೆ ಹೇಳೋಣ ಎಂದುಕೊಂಡಿದ್ದೇವೆ. ಬೆಳಿಗ್ಗೆ ಬೇಗ ಹೋದರೆ ಅಲ್ಲಿ ಯಾರೂ ಕೇಳುವುದಿಲ್ಲ ಎಂದು ಒಬ್ಬರು ಹೇಳಿದರು. ಪುರೋಹಿತರಿಲ್ಲದ ಮದುವೆ ನಿಲ್ಲುವುದಿಲ್ಲ ಎಂದು ಇನ್ನೊಬ್ಬರು. ತಂದೆ ತಾಯಿಯ ಸಹಿ ಬೇಕು ಎಂದು ಮತ್ತೊಬ್ಬರು. ರಿಜಿಸ್ಟರ್ ಮದುವೆಯಾದರೆ ಹುಡುಗನಿಗೆ ಜಮ್ಮಾ ಆಸ್ತಿಯಲ್ಲಿ, ಅಂದರೆ ಕುಟುಂಬದ ವಂಶಪಾರಂಪರ್ಯ ಜಮೀನಿನಲ್ಲಿ, ಪಾಲು ತಪ್ಪುತ್ತದೆ ಎಂದು ಅವನ ಚಿಕ್ಕಪ್ಪ ಹಿಂದೊಮ್ಮೆ ಹೆದರಿಸಿದ್ದರು. ಇದರಲ್ಲಿ ಯಾವುದು ನಿಜ? ನಮ್ಮ ಯೋಜನೆ ನಡೆಯುವಂಥದ್ದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದೇ ಬೆಳಗಿಗೆ ಗಂಟುಬಿದ್ದಿವೆ. ಕಾನೂನಿನ ದೃಷ್ಟಿಯಲ್ಲಿ ಗಂಡ ಹೆಂಡಿರಾಗುವುದು ಒಂದು, ಮನಸ್ಸಿಗೆ ಹಿಡಿಸಿದ ರೀತಿಯಲ್ಲಿ ಕೈ ಹಿಡಿಯುವುದು ಇನ್ನೊಂದು, ಆ ಅರಮನೆಯ ಎದುರು ನಿಂತ ನೆನಪನ್ನು ಇಟ್ಟುಕೊಳ್ಳುವುದು ಮತ್ತೊಂದು. ಕೊಡಗಿನಲ್ಲಿ ಸಣ್ಣ ಮದುವೆಗಳ ವ್ಯವಸ್ಥೆ ಮಾಡುವ ನನ್ನ ಕೆಲಸದಲ್ಲಿ ಕೆಟ್ಟುಹೋದ ಬೆಳಗುಗಳನ್ನು ಕೆಲವು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಮಳೆಯಿಂದಲ್ಲ, ಈ ಮೂರನ್ನೂ ಒಂದೇ ಗಂಟೆಯಲ್ಲಿ ಮುಗಿಸಲು ಹೊರಟಿದ್ದರಿಂದ. ಹಾಗಾಗಿ ಮೊದಲು ಗಂಟು ಬಿಡಿಸೋಣ.

ಅರಮನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಆಸೆ ಹುಟ್ಟಿರುವುದು ಅಲ್ಲಿ. ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಈ ಎರಡಂತಸ್ತಿನ ಅರಮನೆ, ಮರದ ಕಂಬಗಳು, ಮಾಸಿದ ಚಿತ್ರಗಳು, ಸುತ್ತಲಿನ ಕಾಡು ಎಲ್ಲ ಸೇರಿ ಯಾರನ್ನಾದರೂ ಸೆಳೆಯುತ್ತದೆ. ಎದುರಿನ ಮಂಟಪವನ್ನು ರಾಜನ ಮದುವೆಯ ಮಂಟಪವೆಂದೇ ಸ್ಥಳೀಯರು ತೋರಿಸುವುದರಿಂದ, ಅಲ್ಲಿ ಮದುವೆಯಾಗಬೇಕೆಂದು ನನ್ನ ಬಳಿ ಬಂದವರಲ್ಲಿ ನೀವು ಮೊದಲಿಗರಲ್ಲ. ಆದರೆ ಅದು ಇಂದು ಸಂರಕ್ಷಿತ ಸ್ಮಾರಕ, ಬಾಡಿಗೆಯ ಅಂಗಳವಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1959ರ ನಿಯಮಾವಳಿ ಅನ್ವಯಿಸುತ್ತದೆ. ಅದರ 7ನೆಯ ನಿಯಮದಂತೆ ಸಭೆ, ಔತಣ, ಸತ್ಕಾರ, ಮನರಂಜನೆ ಯಾವುದಕ್ಕೂ ಲಿಖಿತ ಅನುಮತಿಯಿಲ್ಲದೆ ಸ್ಮಾರಕವನ್ನು ಬಳಸುವಂತಿಲ್ಲ. ಮಡಿಕೇರಿ ಕೋಟೆ ಈ ಗುಂಪಿಗೆ ಸೇರುತ್ತದೆ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಇದೆ. ಯಾವುದು ಯಾರ ಕೈಯಲ್ಲಿದೆ ಎಂಬುದನ್ನು ಬಾಗಿಲ ಬಳಿಯ ಫಲಕವೇ ಹೇಳುತ್ತದೆ. ಅರ್ಜಿ ಹಾಕುವುದಾದರೆ ಆ ಫಲಕದಲ್ಲಿರುವ ಇಲಾಖೆಗೆ ಹಾಕಬೇಕೇ ಹೊರತು, ಪಂಚಾಯಿತಿಯವರು ‘ಆಗಲಿ’ ಎಂದರೂ, ಕಾವಲಿನವರು ತಲೆಯಾಡಿಸಿದರೂ ಅದು ಅನುಮತಿಯಾಗುವುದಿಲ್ಲ.

‘ಬೆಳಿಗ್ಗೆ ಬೇಗ ಹೋದರೆ ಯಾರೂ ಕೇಳುವುದಿಲ್ಲ’ ಎಂಬ ಮಾತು ಅರ್ಧ ಸತ್ಯ, ಅಪಾಯವಿರುವುದೂ ಆ ಅರ್ಧದಲ್ಲೇ. ಯಾರೂ ಕೇಳದ ದಿನಗಳೂ ಇರುತ್ತವೆ. ಕೇಳಿದ ದಿನ ಮಾತ್ರ ನೀವು ರೇಷ್ಮೆ ಸೀರೆಯಲ್ಲಿ, ಹಾರ ಕೈಯಲ್ಲಿ ಹಿಡಿದು, ಒಬ್ಬ ದಿನಗೂಲಿ ಕಾವಲುಗಾರನೊಂದಿಗೆ ವಾದಿಸುತ್ತಿರುತ್ತೀರಿ. ಅವನು ತನ್ನ ಕೆಲಸವನ್ನಷ್ಟೇ ಮಾಡುತ್ತಿರುತ್ತಾನೆ. ಇಲ್ಲಿನ ಒಂದು ಹಳೆಯ ಕಟ್ಟಡದ ಪಡಸಾಲೆಯಲ್ಲಿ ಹೋಮಕುಂಡಕ್ಕೆ ಬೆಂಕಿ ಇಟ್ಟ ಮೇಲೆ ಜೋಡಿಯೊಂದನ್ನು ಎಬ್ಬಿಸಿದ್ದನ್ನು ನಾನೇ ಕಂಡಿದ್ದೇನೆ. ಅವರು ಸಪ್ತಪದಿಯನ್ನು ಕೊನೆಗೆ ರಸ್ತೆಬದಿಯ ಮಾವಿನ ಮರದಡಿ ಮುಗಿಸಿದರು. ಇಂದು ನಗುತ್ತಾ ಹೇಳಿಕೊಳ್ಳುತ್ತಾರೆ, ಅಂದು ವಧುವಿನ ಅಜ್ಜಿ ಅತ್ತಿದ್ದರು.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳುವವರಿದ್ದಾರೆ. ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳಿಗೆ ಹೊಗೆಯೇ ಮೊದಲ ಶತ್ರು. ಕರ್ಪೂರದ ಮಸಿ ಅಂಟಿದರೆ ಅದನ್ನು ತೆಗೆಯುವಾಗ ಬಣ್ಣವೂ ಜೊತೆಗೆ ಏಳುತ್ತದೆ. ದೀಪದ ಎಣ್ಣೆಯನ್ನೂ ಅರಿಶಿನ ಕುಂಕುಮವನ್ನೂ ಹಳೆಯ ಕಲ್ಲು ಹೀರಿಕೊಂಡುಬಿಡುತ್ತದೆ. ತೋರಣಕ್ಕೆಂದು ಮರದ ಕಂಬಕ್ಕೆ ಹೊಡೆದ ಒಂದು ಮೊಳೆಯ ತೂತಿನಲ್ಲಿ ಕೊಡಗಿನ ನಾಲ್ಕು ತಿಂಗಳ ಮಳೆಯ ತೇವ ಇಳಿದು, ಒಳಗಿನಿಂದ ಕೊಳೆಯಲು ಶುರುವಾಗುತ್ತದೆ. ನಿಮ್ಮ ಹತ್ತು ಜನ ಏನೂ ಹಾಳುಮಾಡುವುದಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಆದರೆ ಹತ್ತು ಜನರಿಗೆ ಕೊಟ್ಟ ಸಲಿಗೆಯನ್ನು ಮುಂದಿನ ವಾರ ನೂರು ಜನರಿಗೆ ಇಲ್ಲವೆನ್ನಲು ಇಲಾಖೆಗೆ ಆಗುವುದಿಲ್ಲ.

ಇನ್ನು ಕಾನೂನು. ನಿಮ್ಮ ನಿಜವಾದ ಆತಂಕ ಇಲ್ಲಿದೆ, ತಪ್ಪು ತಿಳಿವಳಿಕೆ ಹೆಚ್ಚಿರುವುದೂ ಇಲ್ಲೇ. ಮೊದಲಿಗೆ ಸುಲಭದ ಉತ್ತರ: ಹುಡುಗನಿಗೆ 21, ಹುಡುಗಿಗೆ 18 ತುಂಬಿ, ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ್ದರೆ ತಂದೆ ತಾಯಿಯ ಸಹಿ ಎಲ್ಲಿಯೂ ಬೇಕಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, 2021ರಲ್ಲಿ, ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬೇಕಾಗುವುದು ಮೂವರು ಸಾಕ್ಷಿಗಳು. ಅವರು ಸ್ನೇಹಿತರಾಗಿದ್ದರೂ ಆಯಿತು.

ಪುರೋಹಿತರ ವಿಷಯ ಅಷ್ಟು ಸರಳವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ವಧು ಅಥವಾ ವರ, ಇಬ್ಬರಲ್ಲಿ ಒಬ್ಬರ ಸಂಪ್ರದಾಯದ ವಿಧಿಯಂತೆ ಮದುವೆ ನಡೆಯಬೇಕು ಎನ್ನುತ್ತದೆ. ಆ ಸಂಪ್ರದಾಯದಲ್ಲಿ ಪುರೋಹಿತರೇ ಇಲ್ಲದಿದ್ದರೆ ಕಾನೂನು ಅವರನ್ನು ಕೇಳುವುದಿಲ್ಲ. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಅಗ್ನಿಯೂ ಇಲ್ಲ, ಆದರೂ ಅದು ಪೂರ್ಣ ಮದುವೆ. ಆದರೆ ಸ್ನೇಹಿತರ ನಡುವೆ ನಿಂತು ತಾಳಿ ಕಟ್ಟಿದ್ದು ನಿಮ್ಮ ಮನೆಯ ವಿಧಿಯೂ ಅಲ್ಲ, ಅವರ ಮನೆಯ ವಿಧಿಯೂ ಅಲ್ಲ. ಸ್ನೇಹಿತರೆದುರು ಹಾರ ಬದಲಿಸಿಕೊಂಡರೆ ಅಥವಾ ತಾಳಿ ಕಟ್ಟಿದರೆ ಸಾಕು ಎನ್ನುವ ಕಲಮು ತಮಿಳುನಾಡಿನಲ್ಲಿ ಇದೆ, ಕರ್ನಾಟಕದಲ್ಲಿ ಇಲ್ಲ. ಸಿನಿಮಾ ನೋಡಿದವರಿಗೆ ಈ ಗಡಿ ಕಾಣುವುದಿಲ್ಲ. ‘ಹೇಗೂ ರಿಜಿಸ್ಟರ್ ಮಾಡಿಸುತ್ತೇವಲ್ಲ’ ಎಂದು ನೀವು ಹೇಳಬಹುದು. ವಿಧಿಯೇ ನಡೆಯದ ಹಿಂದೂ ಮದುವೆಗೆ ನೋಂದಣಿ ಪತ್ರವೊಂದೇ ಸಿಂಧುತ್ವ ಕೊಡಲಾರದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂದು ಯಾರೂ ಪ್ರಶ್ನಿಸದಿರಬಹುದು. ಹತ್ತು ವರ್ಷದ ಮೇಲೆ ಆಸ್ತಿಯ ಮಾತು ಬಂದಾಗ ಪ್ರಶ್ನಿಸುವವರು ಹುಟ್ಟಿಕೊಳ್ಳುತ್ತಾರೆ.

ಕುವೆಂಪು ರೂಪಿಸಿದ ಸರಳ ಮದುವೆಯ ಪದ್ಧತಿಯಾದ ಮಂತ್ರಮಾಂಗಲ್ಯ ನಿಮ್ಮ ಮನಸ್ಸಿನಲ್ಲಿ ಇದ್ದರೆ, ಅದು ನನಗೂ ಪ್ರಿಯವಾದ ವಿಧಾನ. ಆ ರೀತಿಯಲ್ಲಿ ಮದುವೆಯಾಗಿ ಸುಖವಾಗಿರುವವರು ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ. ಆದರೂ ಎರಡು ಮನೆಗಳ ನಡುವೆ ಜಗ್ಗಾಟವಿರುವಾಗ, ಅದರ ಜೊತೆಗೆ ವಿಶೇಷ ವಿವಾಹ ಕಾಯ್ದೆಯ ಬಲವನ್ನೂ ಇಟ್ಟುಕೊಳ್ಳಿ ಎಂಬುದೇ ನನ್ನ ಸಲಹೆ.

1954ರ ಈ ವಿಶೇಷ ವಿವಾಹ ಕಾಯ್ದೆಯಲ್ಲಿ ವಿಧಿ ವಿಧಾನ ಏನಿದ್ದರೂ, ಇಲ್ಲದಿದ್ದರೂ ನಡೆಯುತ್ತದೆ. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ‘ನಿನ್ನನ್ನು ನನ್ನ ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ’ ಎಂದು ನೀವೂ, ‘ಪತ್ನಿಯಾಗಿ’ ಎಂದು ಅವರೂ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೆ ಮದುವೆ ಆಯಿತು. ಆದರೆ ಇದಕ್ಕೆ ಮುಂಚೆ ನೋಟಿಸ್ ಕೊಡಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು. ‘ಅದೇ ದಿನ ರಿಜಿಸ್ಟರ್’ ಎಂಬುದು ಈ ಕಾಯ್ದೆಯಲ್ಲಿ ಇಲ್ಲ. ಜೊತೆಗೆ, ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಹಿಂದಿನ 30 ದಿನ ವಾಸವಾಗಿರಬೇಕು. ಹುಡುಗನ ಆಧಾರ್‌ನಲ್ಲಿ ವಿರಾಜಪೇಟೆಯ ವಿಳಾಸ ಇರಬಹುದು, ಆದರೆ ಅವರು ವಾಸವಿರುವುದು ಬೆಂಗಳೂರಿನಲ್ಲಿ. ಆದ್ದರಿಂದ ನಿಮ್ಮ ನೋಟಿಸ್ ಸಲ್ಲಬೇಕಾದದ್ದು ಬೆಂಗಳೂರಿನಲ್ಲಿಯೇ. ಒಂದು ತಿಂಗಳ ಬಾಡಿಗೆ ಕರಾರು ಬರೆದುಕೊಡುತ್ತೇವೆ ಎಂದು ಮುಂದೆ ಬರುವವರು ಇಲ್ಲಿ ಸಿಗುತ್ತಾರೆ. ಸುಳ್ಳು ವಿಳಾಸದ ಮೇಲೆ ನಿಂತ ಮದುವೆ ಬೇಡ. ಅಧಿಕಾರಿ ಕಚೇರಿಯಿಂದ ಹೊರಗೆ, ಸಮಂಜಸ ದೂರದಲ್ಲಿ, ಹೆಚ್ಚಿನ ಶುಲ್ಕ ಪಡೆದು ಮದುವೆ ನಡೆಸಿಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ ನಿಜ. ಆದರೆ ಬೆಂಗಳೂರಿನ ಅಧಿಕಾರಿಗೆ ಕಕ್ಕಬ್ಬೆ ಯಾವ ಅರ್ಥದಲ್ಲೂ ಸಮಂಜಸ ದೂರವಲ್ಲ.

ಜಮ್ಮಾ ಆಸ್ತಿಯ ಭಯಕ್ಕೆ ಒಂದು ಹಳೆಯ ಬೇರು ಇದೆ, ಚಿಕ್ಕಪ್ಪನವರು ಅದನ್ನು ಕಟ್ಟಿ ಹೇಳಿದ್ದಲ್ಲ. ಅವಿಭಕ್ತ ಕುಟುಂಬದ ಹಿಂದೂ ವ್ಯಕ್ತಿ ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ಬೇರ್ಪಟ್ಟಂತೆ ಎಂದು ಅದರ 19ನೆಯ ಕಲಮು ಹೇಳುತ್ತದೆ. ಆದರೆ 1976ರ ತಿದ್ದುಪಡಿಯಲ್ಲಿ 21ಎ ಕಲಮು ಸೇರಿತು. ಹಿಂದೂ ಹಿಂದೂವನ್ನೇ ಮದುವೆಯಾದಾಗ ಆ 19ನೆಯ ಕಲಮು ಅನ್ವಯಿಸುವುದಿಲ್ಲ, ಉತ್ತರಾಧಿಕಾರವೂ ಮೊದಲಿನಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆಯೇ ನಡೆಯುತ್ತದೆ. ಈ ಕಾಯ್ದೆಗಳ ಲೆಕ್ಕದಲ್ಲಿ ನೀವಿಬ್ಬರೂ ಹಿಂದೂಗಳು. ಈ ಒಂದು ಮಾತನ್ನು ವಕೀಲರಿಂದ ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೊಂಡರೆ ಮುಂದೆ ಊಟದ ಮನೆಯ ಚರ್ಚೆಗಳು ಬೇಗ ಮುಗಿಯುತ್ತವೆ.

ಕೊಡವ ಪದ್ಧತಿಯಲ್ಲೇ ಸಣ್ಣದಾಗಿ ಮಾಡಿಕೊಳ್ಳುವ ಆಲೋಚನೆ ನಿಮಗೆ ಬಂದಿರಬಹುದು: ಹುಡುಗ ಕೊಡವರ ಉಡುಪಾದ ಕುಪ್ಯಚೇಲೆ ತೊಟ್ಟು, ನೀವು ಕೊಡವ ಸೀರೆ ಉಟ್ಟು, ಸ್ನೇಹಿತರೆದುರು ಮುಹೂರ್ತ. ನೋಡಲು ಚೆಲುವಾಗಿರುತ್ತದೆ, ಆದರೆ ಒಳಗೆ ಟೊಳ್ಳು. ದಂಪತಿ ಮುಹೂರ್ತದಲ್ಲಿ ಏನು ನಡೆಯುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಮುಕ್ಕಾಲಿಯ ಮೇಲೆ ಕೂತವರ ಮೇಲೆ ಹಿರಿಯರು ಒಬ್ಬೊಬ್ಬರಾಗಿ ಅಕ್ಕಿ ಹಾಕುತ್ತಾರೆ, ಕಿಂಡಿ ಎಂಬ ಕೊಳವೆಯ ಪಾತ್ರೆಯಿಂದ ಹಾಲು ಕುಡಿಸುತ್ತಾರೆ, ಕೈಗೆ ನಾಣ್ಯ ಇಡುತ್ತಾರೆ. ಎರಡು ಒಕ್ಕಗಳ (ಕುಲಗಳ) ಪರವಾಗಿ ಮಾತಾಡುವ ಅರುವರು ನಿಂತು ಸಂಬಂಧವನ್ನು ಒಪ್ಪಿಸಿಕೊಡುತ್ತಾರೆ. ಮಂತ್ರವಿಲ್ಲದ ಆ ವಿಧಿಯಲ್ಲಿ ಮಂತ್ರದ ಜಾಗದಲ್ಲಿ ಇರುವವರೇ ಹಿರಿಯರು. ಅವರನ್ನು ಬಿಟ್ಟರೆ ಉಳಿಯುವುದು ಉಡುಪು ಮಾತ್ರ. ನಿಮ್ಮ ಅಮ್ಮ ಕೇಳುತ್ತಿರುವ ಧಾರೆಯೂ ಹಾಗೆಯೇ, ಎರೆಯುವ ಕೈಗಳಿಲ್ಲದೆ ಧಾರೆ ಎಲ್ಲಿಂದ ಬರಬೇಕು? ಇಬ್ಬರ ಪದ್ಧತಿಗಳೂ ತಂದೆ ತಾಯಿಯನ್ನು ವಿಧಿಯ ಒಳಗೇ ಕೂರಿಸಿವೆ. ಹಾಗಾಗಿ ಗುಟ್ಟಾಗಿ ಮಾಡುವುದಾದರೆ ಯಾವ ಮನೆಯ ವಿಧಿಯನ್ನೂ ಎರವಲು ತರಬೇಡಿ; ಆ ವಿಧಿಗಳು ಬೇಕೆನಿಸಿದರೆ ಮನೆಯವರು ಬರುವ ದಿನಕ್ಕೆ ಅವನ್ನು ಹಾಗೆಯೇ ಉಳಿಸಿಡಿ.

ಡಿಸೆಂಬರಿನ ಬಗ್ಗೆ ಸ್ವಲ್ಪ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ನೀವು ಬಿಟ್ಟಿರುವುದು ಸರಿ. 2018ರ ಆಗಸ್ಟಿನ ಭೂಕುಸಿತದ ನಂತರ ಆ ತಿಂಗಳುಗಳಲ್ಲಿ ಇಲ್ಲಿ ಯಾವ ಹೊರಾಂಗಣದ ಕೆಲಸಕ್ಕೂ ನಾನು ಮುಂಗಡ ತೆಗೆದುಕೊಳ್ಳುವುದಿಲ್ಲ. ನವೆಂಬರಿನಲ್ಲೂ ಹಿಂಗಾರಿನ ಮಳೆ ಒಂದೆರಡು ದಿನ ಕೂತುಬಿಡುತ್ತದೆ. ಡಿಸೆಂಬರ್ ಒಳ್ಳೆಯ ತಿಂಗಳೇ, ಆದರೆ ನೀವು ಆರಿಸಿರುವ ಊರಿಗೆ ಅದರದ್ದೇ ಲೆಕ್ಕವಿದೆ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆಯ ಆಸುಪಾಸಿನಲ್ಲಿ, ಅದರ ದಿನ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲೇ. ಆ ದಿನಗಳಲ್ಲಿ ಅಡುಗೆಯವರು, ಡ್ರೈವರ್‌ಗಳು, ಹೋಂಸ್ಟೇ ಮನೆಯವರು ಎಲ್ಲರೂ ತಮ್ಮ ಐನ್‌ಮನೆಯಲ್ಲಿರುತ್ತಾರೆ. ನಿಮ್ಮ ಹುಡುಗನೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಗುಟ್ಟು ಅಂದೇ ಬಯಲಾಗುತ್ತದೆ. ದೇವರ ಹಬ್ಬಕ್ಕೆ ಊರಿನಲ್ಲಿ ‘ಕಟ್ಟು’ ಬಿದ್ದಿರುವ ದಿನಗಳಲ್ಲಿ ಶುಭಕಾರ್ಯ ನಡೆಯುವುದಿಲ್ಲ, ಜಾಗ ಕೊಡುವವರನ್ನು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಸಾಲದೆಂಬಂತೆ ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ. ಫೋಟೋದಲ್ಲಿ ನೀವು ಕಂಡ ಎಸ್ಟೇಟಿನ ವಿಶಾಲ ಅಂಗಳ ನಿಜವಾಗಿ ಕಾಫಿ ಒಣಗಿಸುವ ಕಣ. ಆ ತಿಂಗಳು ಅದರ ತುಂಬ ಹಣ್ಣು ಹರಡಿರುತ್ತದೆ, ಮದುವೆಗೆಂದು ಯಾವ ಮಾಲೀಕರೂ ಅದನ್ನು ಗುಡಿಸಿಕೊಡುವುದಿಲ್ಲ.

ಸೂರ್ಯೋದಯದ ಆಸೆಯನ್ನೂ ಒಂಬತ್ತು ಗಂಟೆಯವರೆಗೆ ಮುಂದೂಡಿ. ಬೆಟ್ಟದ ಬುಡದ ಆ ತಗ್ಗಿನಲ್ಲಿ ಮಂಜು ಕರಗದೆ ಬೆಳಕು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಗಿನ ಜಾವ ತೋಟದ ರಸ್ತೆಗಳಲ್ಲಿ ಆನೆಗಳ ಓಡಾಟವಿರುತ್ತದೆ. ಐದು ಗಂಟೆಗೆ ಮೂರು ಕಾರುಗಳಲ್ಲಿ ಹೊರಡುವ ಯೋಜನೆಗೆ ಸ್ಥಳೀಯ ಡ್ರೈವರ್ ಯಾರೂ ಒಪ್ಪುವುದಿಲ್ಲ, ಒಪ್ಪಿದವನನ್ನು ನೀವು ನಂಬಬಾರದು. ಡ್ರೋನ್ ಬೇಡ, ಸುತ್ತಲಿನದು ಕಾಡು, ಆ ಸದ್ದಿಗೆ ಅಲ್ಲಿ ಜಾಗವಿಲ್ಲ. ಮೊಬೈಲ್ ನೆಟ್‌ವರ್ಕನ್ನೂ ನೆಚ್ಚಿಕೊಳ್ಳಬೇಡಿ. ಮದುವೆ ನೋಂದಣಿಯ ಅರ್ಜಿ ಹಾಕುವ ಸರ್ಕಾರದ ತಂತ್ರಾಂಶಕ್ಕೆ ‘ಕಾವೇರಿ’ ಎಂದೇ ಹೆಸರು, ಆದರೆ ಕಾವೇರಿಯ ನಾಡಿನ ಈ ಮೂಲೆಯಲ್ಲಿ ಕೂತು ಅದರ ಒಟಿಪಿಗಾಗಿ ಕಾದವರನ್ನು ನಾನು ನೋಡಿದ್ದೇನೆ.

ಹಾಗಾದರೆ ನಾನು ಹೇಗೆ ಮಾಡಿಸುತ್ತಿದ್ದೆ? ನೋಟಿಸನ್ನು ಬೆಂಗಳೂರಿನಲ್ಲಿ ಅಕ್ಟೋಬರ್ 10ರ ಸುಮಾರಿಗೆ ಕೊಡಿಸುತ್ತಿದ್ದೆ. 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ, ಅಂದರೆ ನವೆಂಬರ್ ಎರಡನೆಯ ವಾರದಿಂದ ಜನವರಿ ಮೊದಲ ವಾರದ ನಡುವೆ, ಮೂವರು ಸಾಕ್ಷಿಗಳೊಂದಿಗೆ ಕಚೇರಿಯಲ್ಲಿ ಮದುವೆ ಮುಗಿಯಬೇಕು. ಆ ಅವಧಿ ದಾಟಿದರೆ ಹೊಸ ನೋಟಿಸ್, ಮತ್ತೆ ಕಾಯುವುದು. ಕಚೇರಿಯ ಕೆಲಸ ಮುಗಿದ ವಾರಾಂತ್ಯಕ್ಕೆ, ಪುತ್ತರಿಯ ಒಂದು ವಾರ ಬಿಟ್ಟು, ಕಕ್ಕಬ್ಬೆಯ ಸುತ್ತಮುತ್ತ ಕಣವಲ್ಲದೆ ಬೇರೆ ಹುಲ್ಲಿನ ಅಂಗಳವಿರುವ, ಮಳೆ ಬಂದರೆ ಒಳಗೆ ಹತ್ತು ಜನ ಕೂರುವಷ್ಟು ಜಗಲಿಯಿರುವ ಒಂದು ನೋಂದಾಯಿತ ಹೋಂಸ್ಟೇ ಹಿಡಿಯುತ್ತಿದ್ದೆ. ಅಲ್ಲಿ ನೀವು ಏನು ಮಾತು ಕೊಡುತ್ತೀರಿ, ಯಾವ ಹಾರ ಹಾಕುತ್ತೀರಿ, ದೀಪ ಹಚ್ಚುತ್ತೀರೋ ಇಲ್ಲವೋ ಎಂಬುದು ಪೂರ್ತಿ ನಿಮ್ಮ ಇಷ್ಟ, ಏಕೆಂದರೆ ಆ ಹೊತ್ತಿಗೆ ಕಾನೂನಿನ ಭಾರ ನಿಮ್ಮ ಹೆಗಲಿನಿಂದ ಇಳಿದಿರುತ್ತದೆ. ಮಂಜು ಕವಿದರೂ, ಜನರೇಟರ್ ಕೈಕೊಟ್ಟರೂ ನೀವು ಆಗಲೇ ಗಂಡ ಹೆಂಡಿರು.

ಅರಮನೆಗೆ ಮರುದಿನ ಹೋಗಿ. ಬಾಗಿಲು ತೆರೆಯುವ ಹೊತ್ತಿಗೆ, ಎಲ್ಲರಂತೆ ಪ್ರವಾಸಿಗರಾಗಿ, ಹಾರಗಳನ್ನು ಕಾರಿನಲ್ಲೇ ಬಿಟ್ಟು. ಸೀರೆ ಉಟ್ಟುಕೊಂಡು ಹೋಗಲು ಯಾರ ಅನುಮತಿಯೂ ಬೇಡ. ಕೈಯಲ್ಲಿ ಹಿಡಿಯುವ ಒಂದು ಕ್ಯಾಮೆರಾ ಸಾಕು. ಸ್ಟ್ಯಾಂಡು, ಲೈಟು, ರಿಫ್ಲೆಕ್ಟರ್ ಹಿಡಿದ ತಂಡ ಬಂದರೆ ಅದು ಚಿತ್ರೀಕರಣವಾಗುತ್ತದೆ, ಅದಕ್ಕೆ ಬೇರೆ ಅನುಮತಿ. ಮಂಟಪದ ಮುಂದೆ ಇಬ್ಬರೂ ಐದು ನಿಮಿಷ ಸುಮ್ಮನೆ ನಿಂತುಬನ್ನಿ.

ಕೊನೆಯದಾಗಿ ಗುಟ್ಟಿನ ವಿಷಯ. ನೀವು ಬಯಸಿದಷ್ಟು ಗುಟ್ಟು ಈ ದಾರಿಯಲ್ಲಿ ಉಳಿಯುವುದಿಲ್ಲ. ಕಾಯ್ದೆಯ 6ನೆಯ ಕಲಮಿನಂತೆ ನೋಟಿಸನ್ನು ಕಚೇರಿಯ ಫಲಕದಲ್ಲಿ ಹಾಕುತ್ತಾರೆ. ನಿಮ್ಮ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ವಿವಾಹಾಧಿಕಾರಿಗೂ ಒಂದು ಪ್ರತಿ ಹೋಗುತ್ತದೆ, ಅದು ಅಲ್ಲಿನ ಫಲಕಕ್ಕೂ ಏರುತ್ತದೆ. ಅಂದರೆ ನಿಮ್ಮ ಹೆಸರು ಮೈಸೂರಿನಲ್ಲೂ, ಅವರ ಹೆಸರು ಕೊಡಗಿನಲ್ಲೂ ಗೋಡೆಯ ಮೇಲೆ ಇರುತ್ತದೆ, ಕೊಡಗಿನಲ್ಲಿ ಆ ಗೋಡೆಯ ಮುಂದೆ ಹಾದುಹೋಗುವವರಲ್ಲಿ ಹುಡುಗನ ಒಕ್ಕದ ಪರಿಚಯ ಇಲ್ಲದವರು ಕಡಿಮೆ. ನಿಮ್ಮನ್ನು ಮನೆಯಲ್ಲಿ ಕೂಡಿಹಾಕುವ, ಹೊಡೆಯುವ ಭಯವಿದ್ದಿದ್ದರೆ ನನ್ನ ಸಲಹೆ ಬೇರೆಯಿರುತ್ತಿತ್ತು, ವಕೀಲರ ಮೂಲಕ ಪೊಲೀಸರ ರಕ್ಷಣೆ ಕೋರುವುದರಿಂದ ಶುರು ಮಾಡಿ ಎನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥ ಭಯ ಕಾಣುವುದಿಲ್ಲ, ಇರುವುದು ಮೈಸೂರಿನ ಛತ್ರ ಮತ್ತು ಕೊಡವ ಸಮಾಜದ ನಡುವಿನ ಪೈಪೋಟಿ. ಆದ್ದರಿಂದ ನೋಟಿಸ್ ಕೊಡುವ ಹಿಂದಿನ ಭಾನುವಾರ ಮೈಸೂರಿಗೆ ಹೋಗಿ ಅಮ್ಮನಿಗೆ ನೀವೇ ಹೇಳಿ; ಅದೇ ದಿನ ಹುಡುಗನೂ ತನ್ನ ಮನೆಯಲ್ಲಿ ಹೇಳಲಿ. ಒಪ್ಪಿಗೆ ಕೇಳಬೇಡಿ, ದಿನಾಂಕ ತಿಳಿಸಿ. ಹೋಂಸ್ಟೇಯಲ್ಲಿ ಹತ್ತು ಜನರ ಜಾಗಕ್ಕೆ ಹದಿನಾಲ್ಕು ಜನರ ಜಾಗ ಕಾದಿರಿಸಿ.